ಬಾಗಿಲು ತೆರೆದವರು

ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳುತ್ತ ನಾನು ಕಳೆದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ವಿದ್ಯಾರ್ಥಿಗಳಿಗೆ ಬರೆಯಿಸಿದ ತಾರೀಕುಗಳಿಗೆ ಲೆಕ್ಕವಿಲ್ಲ. ಕೋಟೆ ಬಿದ್ದ ತಾರೀಕು, ಅರಸು ಪಟ್ಟವೇರಿದ ತಾರೀಕು, ಕಾಯಿದೆ ಜಾರಿಗೆ ಬಂದ ತಾರೀಕು, ಹೀಗೆ. ನಿವೃತ್ತನಾಗಿ ಊರು ಸೇರಿದ ಮೇಲೆ ಒಂದು ಸಂಗತಿ ಮನಸ್ಸಿಗೆ ಬಂತು. ಪಿಡುಗುಗಳ ಚರಿತ್ರೆಯಲ್ಲಿ ಊರು ಮುಚ್ಚಿದ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಮತ್ತೆ ತೆರೆದ ಕಥೆಯನ್ನು ಬರೆದವರು ವಿರಳ. ತೆರೆಯಬಹುದೆಂಬ ಆಜ್ಞೆಗೂ ತಾರೀಕು ಇದ್ದೀತು. ಆದರೆ ಆಜ್ಞೆಯಾದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಯಾರೋ ಒಬ್ಬನು ಮೊದಲು ಒಳಗೆ ಹೋಗಬೇಕು, ದೂಳು ಗುಡಿಸಬೇಕು, ಒಲೆ ಹೊತ್ತಿಸಬೇಕು. ಆ ಒಬ್ಬನು ಯಾರು ಎಂಬ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಎಂದೂ ಕೇಳಿದವನಲ್ಲ. 2020ರಲ್ಲಿ ಮುಚ್ಚಿದ್ದ ವಸತಿಗೃಹಗಳೂ ವಿನೋದವನಗಳೂ ಒಂದೊಂದಾಗಿ ತೆರೆದಾಗ ಅವುಗಳೊಳಗೆ ಕಾಲಿಟ್ಟು ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನನ್ನ ಊರು ಮಾಂಬಳ್ಳಿ. ಯಳಂದೂರು ತಾಲ್ಲೂಕಿನವರು ಅದನ್ನು ಒಂಟಿಯಾಗಿ ಕರೆಯುವುದು ಕಡಿಮೆ. ಅಗರ–ಮಾಂಬಳ್ಳಿ ಎಂದು ಜೋಡಿಯಾಗಿಯೇ ಹೇಳುತ್ತಾರೆ. ರೇಷ್ಮೆ, ಕಬ್ಬು, ಬತ್ತ, ತೆಂಗು ಇವುಗಳ ನಡುವಣ ಊರು. ಬಿಳಿಗಿರಿರಂಗನ ಬೆಟ್ಟದ ಸಾಲು ನಮಗೆ ದೂರದ್ದಲ್ಲ. ಇತ್ತ ಯಳಂದೂರು, ಅತ್ತ ಕೊಳ್ಳೇಗಾಲ. ಇಂದು ಇವೆರಡೂ ಒಂದೇ ಜಿಲ್ಲೆಯ ತಾಲ್ಲೂಕುಗಳು. ಆದರೆ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ, ಮೈಸೂರು ಸಂಸ್ಥಾನದ ಸೀಮೆ. ಕೊಳ್ಳೇಗಾಲವಾದರೋ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಸಂತೆಗೆ ಹೋಗಿಬರುವಷ್ಟು ದೂರದಲ್ಲಿ ಸರ್ಕಾರವೇ ಬದಲಾಗುತ್ತಿತ್ತು. ಪಿಡುಗಿನ ಕಾಲದಲ್ಲಿ ಇಂಥ ಗಡಿಗೆ ಬರುವ ಬಲವನ್ನು ತಿಳಿಯದೆ ನನ್ನ ಮುಂದಿನ ಮಾತು ಅರ್ಥವಾಗದು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ಹಾದಿ ಹಿಡಿದು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಅಲ್ಲಿಂದ ಮೈಸೂರಿಗೂ ಬಂತು. ಅಷ್ಟರಲ್ಲಿ ಬ್ರಿಟಿಷ್ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತ್ತು. ಮದರಾಸು ಪ್ರಾಂತ್ಯದಲ್ಲಿ ಪ್ಲೇಗು ಪಾಸ್‌ಪೋರ್ಟು ಎಂಬುದೊಂದು ಹುಟ್ಟಿತು. ರೋಗವಿದ್ದ ಸೀಮೆಯಿಂದ ಬಂದವನು ತಾನು ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೇನೆ ಎಂಬುದನ್ನು ಬರೆಯಿಸಿ ಚೀಟಿ ಪಡೆಯಬೇಕು. ಮುಟ್ಟಿದ ಊರಿನಲ್ಲಿ ಹತ್ತು ದಿನಗಳ ಕಾಲ ಅಧಿಕಾರಿಗಳ ಕಣ್ಣಿಗೆ ಬೀಳುತ್ತಿರಬೇಕು. ಜನರ ಕಂಕುಳು, ತೊಡೆಸಂದುಗಳನ್ನು ತಡಕಿ ಗಡ್ಡೆಯಿದೆಯೇ ಎಂದು ನೋಡುತ್ತಿದ್ದ ಕಾಲ ಅದು. ಹೆಂಗಸರನ್ನು ಹೀಗೆ ನೋಡುವುದಕ್ಕೂ, ಮನೆಗಳಿಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುವುದಕ್ಕೂ ಜನ ರೊಚ್ಚಿಗೆದ್ದರು; 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ದೊಂಬಿಯೇ ಆಯಿತು. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂಬುದನ್ನು ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ ವರ್ಷ. ಆದರೆ ಆ ಮಾತನ್ನು ಲೋಕ ಒಪ್ಪುವುದಕ್ಕೆ ಮತ್ತೆ ಕೆಲವು ವರ್ಷಗಳೇ ಬೇಕಾದವು. ಚಿಗಟ ನಿರಾತಂಕವಾಗಿ ಗಡಿ ದಾಟುತ್ತಿದ್ದಾಗ ಚೌಕಿಯವರು ಮನುಷ್ಯನನ್ನು ನಿಲ್ಲಿಸಿ, ಎಲ್ಲಿಂದ ಬಂದೆ ಎಂದು ಕೇಳುತ್ತಿದ್ದರು.

ಇದೆಲ್ಲ ನಾನು ಪುಸ್ತಕದಲ್ಲಿ ಓದಿದ್ದು. ನನ್ನ ಅಜ್ಜಿ ಪುಸ್ತಕ ಓದಿದವರಲ್ಲ. ಆದರೆ ಪ್ಲೇಗನ್ನು ಕಂಡವರು. ಆ ರೋಗ ಒಮ್ಮೆ ಬಂದು ಹೋದದ್ದಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿದ ಮೇಲೂ ಎರಡು ಮೂರು ದಶಕ ಮೈಸೂರು ಸೀಮೆಯನ್ನು ಮರಮರಳಿ ಕಾಡಿತು. “ಇಲಿ ಬಿತ್ತು ಅಂದ್ರೆ ಊರು ಬಿಟ್ರು ಅಂತ್ಲೇ ಕಣ್ ಮಗ” ಎಂದು ಅಜ್ಜಿ ಹೇಳುತ್ತಿದ್ದರು. ಮನೆಯ ಅಟ್ಟದಿಂದ ಇಲಿಯೊಂದು ಸತ್ತು ಬಿದ್ದರೆ ಸಾಕು, ಪಾತ್ರೆಪಡಗ, ಕಾಳುಕಡ್ಡಿ, ಬೀಸುವ ಕಲ್ಲು ಎಲ್ಲವನ್ನೂ ಹೊತ್ತು ಹೊಲಕ್ಕೆ ಹೋಗಿ, ಸೋಗೆಯ ಗುಡಿಸಲು ಕಟ್ಟಿಕೊಂಡು ಇರುವುದು. ಮಕ್ಕಳಿಗೆ ಅದೇ ಒಂದು ಜಾತ್ರೆ. ಹೊಸ ಜಾಗ, ಬಯಲ ಅಡುಗೆ, ರಾತ್ರಿಯೆಲ್ಲ ಬೆಂಕಿಯ ಸುತ್ತ ಕಥೆ. ಅಲ್ಲಿಯೂ ಸಾವಿತ್ತು, ಅದನ್ನು ಅಜ್ಜಿ ಹೆಚ್ಚು ಹೇಳುತ್ತಿರಲಿಲ್ಲ.

ಅವರು ಬಿಡಿಸಿ ಹೇಳುತ್ತಿದ್ದುದು ಊರಿಗೆ ಮರಳಿದ ದಿನವನ್ನು. ಬಿಸಿಲು ಬೀಳಲೆಂದು ಮಾಡಿನ ಹೆಂಚು ಸರಿಸಿದ್ದ ಮನೆಗಳು. ನೆಲದ ತುಂಬ ದೂಳು. ಗೋಡೆಗೆ ಹೊಸ ಸುಣ್ಣ. ಹೊಸಿಲಿಗೆ ಅರಿಸಿನ ಬಳಿದು, ಹಾಲುಕ್ಕಿಸಿ ಒಳಗೆ ಹೋದೆವು ಎನ್ನುವಾಗ ಅಜ್ಜಿಯ ಮುಖ ಅರಳುತ್ತಿತ್ತು. ನಾನಾಗ ಹೈಸ್ಕೂಲಿನ ಹುಡುಗ. “ಸುಣ್ಣ ಬಳಿದೋರು ಯಾರು ಅಜ್ಜಿ, ನೀವೆಲ್ಲ ಹೊಲದಲ್ಲೇ ಇದ್ರಲ್ಲ?” ಎಂದು ಒಮ್ಮೆ ಕೇಳಿದೆ. ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿ, “ಆಳುಗಳ್ನ ಮೊದಲೇ ಕಳಿಸ್ತಿದ್ರು. ಅವ್ರು ಹೋಗಿ ಎಂಟು ದಿನ ಏನೂ ಆಗ್ನಿಲ್ಲ ಅಂದ್ರೆ ನಾವು ಹೋಗೋದು” ಎಂದರು. ಆ ಆಳುಗಳ ಹೆಸರು ಅವರಿಗೆ ನೆನಪಿರಲಿಲ್ಲ. ಹಾಲುಕ್ಕಿದ ಪಾತ್ರೆ ಯಾವುದೆಂಬುದು ಚೆನ್ನಾಗಿ ನೆನಪಿತ್ತು.

ಸಾಹಿತ್ಯಾಸಕ್ತರಿಗೆ ಇಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ನೆನಪಾಗದಿರದು. 1965ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ಧರ್ಮಸಂಕಟದ ಕಥೆಯಾಗಿಯೇ ನಾವೆಲ್ಲ ಓದಿದ್ದೇವೆ. ಪ್ಲೇಗಿಗೆ ತುತ್ತಾದ ಹೆಂಡತಿಯ ದಹನ ಮಾಡಿ ಅಗ್ರಹಾರ ಬಿಟ್ಟು ಹೊರಟ ಪ್ರಾಣೇಶಾಚಾರ್ಯರು ಮಾಲೇರ ಪುಟ್ಟನೊಡನೆ ಮೇಳಿಗೆಯ ತೇರಿಗೆ ಹೋಗುತ್ತಾರೆ. ಅಲ್ಲಿ ಅಂಗಡಿಗಳು, ದೊಂಬರಾಟ, ಕೋಳಿ ಅಂಕ, ಕಾಫಿಯ ಹೋಟೆಲು; ಕೊನೆಗೆ ದೇವಸ್ಥಾನದ ಊಟದ ಪಂಕ್ತಿ. ಸೂತಕದಲ್ಲಿ ಪಂಕ್ತಿಗೆ ಕುಳಿತರಲ್ಲ ಎಂಬುದರ ಮೇಲೆ ನಾವು ಗಂಟೆಗಟ್ಟಲೆ ಚರ್ಚೆ ಮಾಡಿದ್ದುಂಟು. 2020ರ ಬೇಸಗೆಯಲ್ಲಿ ಮನೆಯೊಳಗೆ ಕುಳಿತು ಅದನ್ನು ಮತ್ತೆ ಓದಿದಾಗ ನನ್ನ ಕಣ್ಣಿಗೆ ಬಿದ್ದುದು ಬೇರೆ. ಕಾಫಿ ಕುಡಿಯುತ್ತಿರುವ ಈ ಮನುಷ್ಯ ಪಿಡುಗಿನ ಊರಿನಿಂದ ನೇರವಾಗಿ ಬಂದವನು. ಸುತ್ತ ಇರುವುದು ಏನೂ ಅರಿಯದ ಜಾತ್ರೆಯ ಜನ. ಪುಸ್ತಕ ಮುಚ್ಚಿ, ಇವನನ್ನು ಯಾರೂ ಬಾಗಿಲಲ್ಲಿ ತಡೆಯಲಿಲ್ಲವೇ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಕಾರಣವಿತ್ತು. ಅಷ್ಟು ಹೊತ್ತಿಗೆ ನಾನೂ ಒಬ್ಬನನ್ನು ತಡೆದಿದ್ದೆ.

2020ರ ಮಾರ್ಚ್ 25ರಿಂದ ದೇಶವೆಲ್ಲ ಮುಚ್ಚಿತು. ಅಂದು ಯುಗಾದಿ. ಹನೂರು ಕಡೆಯ ಮಲೆಮಹದೇಶ್ವರ ಬೆಟ್ಟಕ್ಕೆ ಯುಗಾದಿಯ ಜಾತ್ರೆಯೆಂದರೆ ನಮ್ಮ ಸೀಮೆಯ ಜನ ಕಾಲುನಡಿಗೆಯಲ್ಲಿ ಹರಿದು ಹೋಗುವ ಕಾಲ. ಆ ವರ್ಷ ಆ ದಾರಿಗಳಲ್ಲಿ ಜಾತ್ರೆಯ ಜನವಿರಲಿಲ್ಲ. ಬದಲಿಗೆ ಪಟ್ಟಣಗಳಿಂದ ಊರಿಗೆ ನಡೆದು ಬರುವವರು ಕಾಣಿಸಿಕೊಂಡರು. ನಮ್ಮ ಬೀದಿಯ ಹುಡುಗನೊಬ್ಬ ಬೆಂಗಳೂರಿನ ಹೋಟೆಲೊಂದರಲ್ಲಿ ಮೇಜು ಒರೆಸುವ ಕೆಲಸದಲ್ಲಿದ್ದ. ಹೋಟೆಲು ಮುಚ್ಚಿದ ಮೇಲೆ ಇರಲು ಜಾಗವಿಲ್ಲದೆ, ಸುಮಾರು 130 ಕಿಲೋಮೀಟರು ದಾರಿಯನ್ನು ಬಹುಪಾಲು ನಡೆದೇ ಬಂದ. ಅಷ್ಟರಲ್ಲಿ ನಮ್ಮ ಬೀದಿಯವರು ದಾರಿಯ ಬಾಯಿಗೆ ಜಾಲಿಯ ಮುಳ್ಳು ಅಡ್ಡ ಹಾಕಿದ್ದರು. ಅದಕ್ಕೊಂದು ಹಲಗೆಯನ್ನೂ ಕಟ್ಟಿದ್ದರು. ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಆ ಹಲಗೆಯ ಮೇಲೆ ಬರೆದವನು ನಾನು. ಅಕ್ಷರ ದುಂಡಗಿರುತ್ತದೆ ಎಂದು ನನ್ನ ಕೈಯಲ್ಲಿ ಬರೆಯಿಸಿದರು. ನಾನೂ ಸಂತೋಷದಿಂದಲೇ ಬರೆದುಕೊಟ್ಟೆ.

ಹುಡುಗ ಮುಳ್ಳಿನ ಆಚೆ ನಿಂತು, “ನಾನು ಹೊರಗಿನವನಲ್ಲ ಮೇಷ್ಟ್ರೇ” ಎಂದ. ತೋಟದ ಪಂಪುಸೆಟ್ಟಿನ ಮನೆಯಲ್ಲಿ ಹದಿನಾಲ್ಕು ದಿನ ಇರಲಿ ಎಂದು ತೀರ್ಮಾನವಾಯಿತು. ಅವನ ತಾಯಿ ದಿನವೂ ಅನ್ನದ ಬುತ್ತಿಯನ್ನು ಬದುವಿನ ಮೇಲಿಟ್ಟು ದೂರ ಸರಿದು ನಿಲ್ಲುತ್ತಿದ್ದಳು. ಹೊಲದ ಗುಡಿಸಲ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ನನಗೆ ಆಗ ಆ ಕಥೆ ನೆನಪಾಗಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಮುನ್ನೆಚ್ಚರಿಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಹದಿನಾಲ್ಕು ದಿನಗಳ ನಿಯಮ ಎಲ್ಲೆಡೆಯೂ ಇತ್ತು. ಆದರೆ ನಿಯಮವನ್ನು ಹೇಳುವುದಕ್ಕೆ ಆ ಮುಳ್ಳೂ, ಆ ಮಾತೂ ಬೇಕಿರಲಿಲ್ಲ.

ಆ ಎರಡು ತಿಂಗಳು ಚಾಮರಾಜನಗರ ಜಿಲ್ಲೆ ಪತ್ರಿಕೆಗಳಲ್ಲಿ ಹಸಿರು ಜಿಲ್ಲೆ ಎನಿಸಿಕೊಂಡಿತು. ರಾಜ್ಯದ ಉಳಿದ ಜಿಲ್ಲೆಗಳಿಗೆಲ್ಲ ರೋಗ ಹಬ್ಬಿದ ಮೇಲೂ ನಮ್ಮ ಜಿಲ್ಲೆ ಮಾತ್ರ ಉಳಿದುಕೊಂಡಿತ್ತು. ಹಿಂದುಳಿದ ಜಿಲ್ಲೆ ಎಂಬ ಮಾತನ್ನೇ ಕೇಳಿ ಬೇಸತ್ತಿದ್ದ ನಮಗೆ ಇದೊಂದು ಬಿರುದಿನಂತೆ ಹಿತವಾಯಿತು. ಜೂನ್ 8ರಂದು ದೇವಾಲಯ, ಹೋಟೆಲು, ವಸತಿಗೃಹಗಳನ್ನು ತೆರೆಯಬಹುದೆಂಬ ಅನುಮತಿ ಬಂತು. 1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯವೂ ಅಂದೇ ತೆರೆಯಿತು. ನಾನು ಕಣ್ಣಿನ ತಪಾಸಣೆಗೆಂದು ಅಂದೇ ಮೈಸೂರಿಗೆ ಹೋಗಿ, ರಾತ್ರಿ ಒಂದು ಸಾಧಾರಣ ವಸತಿಗೃಹದಲ್ಲಿ ಉಳಿಯಬೇಕಾಯಿತು.

ಬಾಗಿಲಲ್ಲಿ ಒಬ್ಬ ಹುಡುಗ ನನ್ನ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದ. ಇನ್ನೊಬ್ಬ ಕೈಗೆ ದ್ರಾವಣ ಸುರಿದ. ಗುಮಾಸ್ತ ದಪ್ಪ ಪುಸ್ತಕವನ್ನು ನನ್ನತ್ತ ತಿರುಗಿಸಿ, “ಎಲ್ಲಿಂದ ಬಂದಿರಿ?” ಎಂದ. ಮೂರು ತಿಂಗಳ ಹಿಂದಾಗಿದ್ದರೆ ಇದು ಉಪಚಾರದ ಮಾತು. ಅಂದು ಅದು ವೈದ್ಯನ ಪ್ರಶ್ನೆಯಂತಿತ್ತು. ಯಳಂದೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ ಎಂದು ಬರೆದೆ. ಅವನ ಮುಖ ಬೆಳಗಿತು. “ಹಸಿರು ಜಿಲ್ಲೆಯವರು! ಬನ್ನಿ ಸಾರ್, ಬನ್ನಿ” ಎಂದು ಎದ್ದು ನಿಂತು ಬೀಗದ ಕೈ ಕೊಟ್ಟ. ನಾನು ಎದೆಯುಬ್ಬಿಸಿಕೊಂಡು ಮಹಡಿ ಹತ್ತಿದೆ, ರೋಗವಿಲ್ಲದಿರುವುದು ನನ್ನದೇ ಸಾಧನೆ ಎಂಬಂತೆ. ಮರುದಿನವೇ ನಮ್ಮ ಜಿಲ್ಲೆಯಲ್ಲಿಯೂ ಹೊರಗಿನಿಂದ ಬಂದ ಒಬ್ಬರಲ್ಲಿ ರೋಗ ಪತ್ತೆಯಾದ ಸುದ್ದಿ ಬಂತು. ಬಿರುದು ಹೋಯಿತು.

ವಿನೋದವನಗಳ ಸರದಿ ಇನ್ನೂ ತಡವಾಗಿ ಬಂತು. ಕೇಂದ್ರ ಸರ್ಕಾರ ಅವುಗಳಿಗೆ ಅನುಮತಿ ಕೊಟ್ಟದ್ದು ಅಕ್ಟೋಬರ್ 15ರಿಂದ. ಮೈಸೂರಿನಲ್ಲಿ ಆ ವರ್ಷದ ಜಂಬೂಸವಾರಿ ಅರಮನೆಯ ಆವರಣದೊಳಗೇ ಸುತ್ತಿ ಮುಗಿಯಿತು. ದೀಪಾವಳಿಯ ಹೊತ್ತಿಗೆ ಬಿಡದಿಯ ಬಳಿಯ ವಂಡರ್‌ಲಾ ತೆರೆಯಿತು. ಮೊಮ್ಮಗಳಿಗೆ ಕೊಟ್ಟ ಮಾತಿತ್ತು. ಡಿಸೆಂಬರಿನ ಒಂದು ಭಾನುವಾರ ಕರೆದುಕೊಂಡು ಹೋದೆ. ಅಷ್ಟು ದೊಡ್ಡ ವನದಲ್ಲಿ ಅಷ್ಟು ಕಡಿಮೆ ಜನ ಇದ್ದುದು ನೋಡಲು ವಿಚಿತ್ರವಾಗಿತ್ತು. ನೆಲದ ಮೇಲೆ ನಿಲ್ಲುವ ಗುರುತುಗಳು. ತಿರುಗುವ ತೊಟ್ಟಿಲುಗಳಲ್ಲಿ ಬಿಟ್ಟು ಬಿಟ್ಟು ಕೂರಿಸಿದ ಮಕ್ಕಳು. ನಗುವಿದ್ದರೂ ಬಾಯಿ ಕಾಣದು. ಮುಖವಸ್ತ್ರದ ಮೇಲಿನ ಕಣ್ಣುಗಳಿಂದಲೇ ಊಹಿಸಿಕೊಳ್ಳಬೇಕು. ಪ್ರತಿ ಸುತ್ತು ಮುಗಿದಾಗಲೂ ಒಬ್ಬ ಯುವಕ ಬಟ್ಟೆ ಹಿಡಿದು ಬಂದು, ಮಕ್ಕಳು ಹಿಡಿದಿದ್ದ ಕಂಬಿಗಳನ್ನು ಒಂದೊಂದಾಗಿ ಒರೆಸುತ್ತಿದ್ದ.

ಅವನೊಡನೆ ಮಾತಿಗೆ ನಿಂತೆ. ಮುಚ್ಚಿದ್ದ ತಿಂಗಳುಗಳಲ್ಲಿಯೂ ಯಂತ್ರಗಳನ್ನು ಆಗಾಗ ಓಡಿಸುತ್ತಲೇ ಇರಬೇಕಂತೆ. ಇಲ್ಲದಿದ್ದರೆ ಕೆಟ್ಟು ನಿಲ್ಲುತ್ತವೆ. ತೆರೆದ ಮೇಲಾದರೂ ಪ್ರತಿದಿನ ಬೆಳಿಗ್ಗೆ ಜನ ಬರುವುದಕ್ಕೆ ಮೊದಲು ಖಾಲಿ ತೊಟ್ಟಿಲುಗಳನ್ನು ಆಡಿಸಿ ನೋಡಬೇಕು. “ಮೊದಲು ಖಾಲಿ ತಿರುಗಿಸ್ತೀವಿ, ಆಮೇಲೆ ನಾವೇ ಕೂತು ನೋಡ್ತೀವಿ, ಆಮೇಲೆ ನೀವು” ಎಂದ. ನನ್ನ ಅಜ್ಜಿಯ ಮಾತು ನೆನಪಾದದ್ದು ಆಗ. ಎಂಟು ದಿನ ಏನೂ ಆಗಲಿಲ್ಲ ಎಂದರೆ ನಾವು ಹೋಗುವುದು.

2021ರ ಮೇ ತಿಂಗಳನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ. ಎರಡನೆಯ ಅಲೆಯ ಉಬ್ಬರದಲ್ಲಿ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಮೃತಪಟ್ಟರೆಂದು ಸುದ್ದಿ ಬಂತು. ತನಿಖೆಗಳು ನಡೆದವು. ವರ್ಷದ ಹಿಂದೆ ಒಂದೂ ರೋಗಿಯಿಲ್ಲವೆಂದು ಹೆಸರಾಗಿದ್ದ ಜಿಲ್ಲೆಯ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲಿಯೂ ಮತ್ತೆ ಬಂತು, ಈ ಕಾರಣಕ್ಕಾಗಿ. ಮುಳ್ಳು ಹಾಕಿ ಕಾದದ್ದು ನಮ್ಮನ್ನು ಕಾಯಲಿಲ್ಲ. ಮುಚ್ಚಿದ್ದ ದಿನಗಳು ಆಸ್ಪತ್ರೆಯನ್ನು ಅಣಿಗೊಳಿಸಲು ದೊರೆತ ಬಿಡುವು. ಬಾಗಿಲು ಹಾಕುವುದರಲ್ಲಿ ತೋರಿದ ಶ್ರದ್ಧೆಯನ್ನು ಆ ಬಿಡುವಿನಲ್ಲಿ ತೋರಿದ್ದರೆ ಎಂಬ ಮಾತು ಅಂದು ಎಷ್ಟೋ ಜನರ ಮನಸ್ಸಿನಲ್ಲಿತ್ತು, ನನ್ನ ಮನಸ್ಸಿನಲ್ಲಿಯೂ.

ಮತ್ತೆ ಎಲ್ಲವೂ ಮುಚ್ಚಿ, ಮತ್ತೆ ಮೆಲ್ಲಮೆಲ್ಲನೆ ತೆರೆಯಿತು. ಆ ವರ್ಷದ ಜುಲೈ ಕೊನೆಗೆ ವಿನೋದವನಗಳಿಗೂ, ನೀರಿನ ಆಟಗಳನ್ನು ಬಿಟ್ಟು, ಒಪ್ಪಿಗೆ ಸಿಕ್ಕಿತು. ಆಗಸ್ಟಿನಲ್ಲಿ ನಾನು ಅದೇ ಕಣ್ಣಿಗಾಗಿ ಮೈಸೂರಿನ ಅದೇ ವಸತಿಗೃಹಕ್ಕೆ ಹೋದೆ. ಅದೇ ಗುಮಾಸ್ತ, ಅದೇ ದಪ್ಪ ಪುಸ್ತಕ, ಅದೇ ಪ್ರಶ್ನೆ. ನಾನು ಅದೇ ವಿಳಾಸವನ್ನು ಬರೆದೆ. ಈ ಸಲ ಅವನು ಏಳಲಿಲ್ಲ. ಪುಸ್ತಕವನ್ನು ತನ್ನತ್ತ ಎಳೆದುಕೊಳ್ಳುವ ಮೊದಲು ಒಂದು ಕ್ಷಣ ಕೈ ಹಿಂದೆಗೆದ; ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಬೆರಳಿನಿಂದ ನನ್ನತ್ತ ನೂಕಿದ. ತಪ್ಪು ಅವನದೆನ್ನಲಾರೆ. ಅವನಿಗೂ ಮನೆ ಮಕ್ಕಳು ಇದ್ದಿರಬೇಕು. ಆದರೆ ಮುಳ್ಳಿನ ಆಚೆ ನಿಂತವನಿಗೆ ಏನು ಕಾಣುತ್ತದೆ ಎಂಬುದು ನನಗೆ ಆ ಮೇಜಿನ ಈಚೆ ನಿಂತಾಗ ತಿಳಿಯಿತು.

ಊಟಕ್ಕೆ ಪಕ್ಕದ ಬೀದಿಯ ಒಂದು ಹೋಟೆಲಿಗೆ ಹೋದೆ. ಮೇಜುಗಳ ನಡುವೆ ದೂರವಿಟ್ಟಿದ್ದರು; ನೀರನ್ನು ಬಿಸಿ ಮಾಡಿ ಕೊಡುತ್ತಿದ್ದರು. ಲೋಟ ತಂದಿಟ್ಟವನು, “ಚೆನ್ನಾಗಿದ್ದೀರಾ ಮೇಷ್ಟ್ರೇ? ಊರಿಂದ ಯಾವಾಗ ಬಂದ್ರಿ?” ಎಂದ. ಮುಖವಸ್ತ್ರದಿಂದಾಗಿ ಗುರುತು ಸಿಗಲಿಲ್ಲ, ದನಿಯಿಂದ ಸಿಕ್ಕಿತು. ನಮ್ಮ ಬೀದಿಯ ಅದೇ ಹುಡುಗ. ಬೆಂಗಳೂರು ಬಿಟ್ಟು, ಊರಿಗೆ ಹತ್ತಿರವೆಂದು ಮೈಸೂರಿಗೆ ಬಂದಿದ್ದ. ಊರಿನಿಂದ ಬಂದಿರಾ ಎಂದು ಆ ದಿನ ನನ್ನನ್ನು ಉಪಚಾರಕ್ಕಾಗಿ ಕೇಳಿದವನು ಅವನೊಬ್ಬನೇ.

ಗಿರಾಕಿಗಳು ಹೆಚ್ಚಿರಲಿಲ್ಲ, ಅವನಿಗೆ ಬಿಡುವಿತ್ತು. ಹೋದ ವರ್ಷ ಹೋಟೆಲು ತೆರೆಯುವ ಎರಡು ದಿನ ಮೊದಲೇ ಬರಲು ಹೇಳಿದ್ದರಂತೆ. ಎರಡೂವರೆ ತಿಂಗಳು ಮುಚ್ಚಿದ್ದ ಅಡುಗೆಮನೆಯಲ್ಲಿ ಇಲಿ, ಜಿರಲೆ, ಬೂಷ್ಟು ಹಿಡಿದ ಹಿಟ್ಟು. ಎಲ್ಲವನ್ನೂ ತೊಳೆದು ಒಲೆ ಹಚ್ಚಿದವರು ಇವನೂ ಇನ್ನಿಬ್ಬರೂ. “ಭಯ ಆಗ್ಲಿಲ್ವೇನಪ್ಪ?” ಎಂದೆ. “ಆಯ್ತು ಮೇಷ್ಟ್ರೇ. ಆದ್ರೆ ಅವ್ವನ ಕೈಲಿ ದುಡ್ಡಿರ್ನಿಲ್ಲ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ದಿನಗಳಿಂದ ನನ್ನೊಳಗಿದ್ದ ಮಾತನ್ನು ಕೇಳಿದೆ. ನಮ್ಮ ಬೀದಿಯ ಆ ಮುಳ್ಳಿನ ಬೇಲಿಯನ್ನು ತೆಗೆಯುವಂತೆ ಯಾರೂ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಜೂನಿನ ಒಂದು ಬೆಳಿಗ್ಗೆ ಎದ್ದು ನೋಡಿದರೆ ಅದು ಅಲ್ಲಿರಲಿಲ್ಲ. ನಾನು ಬರೆದ ಹಲಗೆಯೂ ಇರಲಿಲ್ಲ. ಅವನಿಗೇನಾದರೂ ಗೊತ್ತೇ?

“ನಾನೇ ತೆಗ್ದಿದ್ದು. ಲಗ್ಗೇಜ್ ಆಟೋ ಒಳಗೆ ಬರ್ಬೇಕಾಗಿತ್ತಲ್ಲ” ಎಂದ, ಸಹಜವಾಗಿ. “ಹಲಗೆ ಗಟ್ಟಿ ಇತ್ತು ಮೇಷ್ಟ್ರೇ, ಬಿಸಾಕೋಕೆ ಮನ್ಸು ಬರ್ನಿಲ್ಲ. ಅವ್ವ ಅದನ್ನ ನೀರಿನ ಬಿಂದಿಗೆ ಕೆಳಗೆ ಇಟ್ಕಂಡವ್ಳೆ.”

ಕೆಲಸಕ್ಕೆ ಹೊರಟ ಆ ನಸುಕಿನಲ್ಲಿ, ಯಾವ ಆಜ್ಞೆಯೂ ಇಲ್ಲದೆ, ಅಂಗೈಗೆ ಮುಳ್ಳು ಚುಚ್ಚಿಸಿಕೊಂಡು ದಾರಿ ತೆರೆದವನು ಅವನು. ಅದೇ ದಾರಿಯಲ್ಲಿ ನಾನು ಕೆಲವೇ ದಿನಗಳಲ್ಲಿ ಹಸಿರು ಜಿಲ್ಲೆಯ ಹೆಮ್ಮೆಯಿಂದ ಮೈಸೂರಿಗೆ ಹೊರಟಿದ್ದೆ. ಇಲಿ ಬಿದ್ದ ಮನೆಗಳಿಗೆ ಸುಣ್ಣ ಬಳಿದವರ ಹೆಸರು ನನ್ನ ಅಜ್ಜಿಗೆ ನೆನಪಿರಲಿಲ್ಲ. ಈ ಹುಡುಗನ ಹೆಸರು ನನಗೆ ನೆನಪಿದೆ; ಹೇಳಬೇಡಿ ಎಂದಿದ್ದಾನೆ, ಹೇಳುವುದಿಲ್ಲ. ಆದರೆ ಊರಿಗೆ ಬಂದವನು ಮೊದಲು ಅವನ ಮನೆಗೆ ಹೋದೆ. ಅವನ ತಾಯಿ ಬಿಂದಿಗೆ ಸರಿಸಿ ಹಲಗೆಯನ್ನು ತೋರಿಸಿದಳು. ನೀರು ಕುಡಿದು ಕುಡಿದು ಅಕ್ಷರಗಳು ಮುಕ್ಕಾಲು ಅಳಿಸಿದ್ದವು. “ಬೇಕಾಗಿತ್ತಾ ಬುದ್ಧೀ?” ಎಂದು ಕೇಳಿದಳು. ಬೇಡವೆಂದು ಹೇಳಿ, ಅವಳು ಕೊಟ್ಟ ನೀರು ಕುಡಿದು ಬಂದೆ.